ಆ್ಯನ್ಯುಟಿ ಕೊಳ್ಳುವ ಮುನ್ನ: ಮೈಸೂರು, ಮಂಡ್ಯದ ಮನೆಗಳಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕಾರ್ಖಾನೆಯಿಂದಲೋ ಕಚೇರಿಯಿಂದಲೋ ನಿವೃತ್ತರಾದವರಿಗೆ ಪಿಎಫ್, ಗ್ರಾಚ್ಯುಟಿ, ಗಳಿಕೆ ರಜೆಯ ಹಣ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಖಾತೆಗೆ ಬೀಳುತ್ತದೆ. ಮಂಡ್ಯದ ಕಡೆ ರಸ್ತೆಗೆ, ಬಡಾವಣೆಗೆ ಹೋದ ಜಮೀನಿನ ಪರಿಹಾರ ಬರುವುದೂ ಹೀಗೆಯೇ. ದುಡ್ಡು ಬಂದಿದೆ ಎಂಬ ಸುದ್ದಿ ಬ್ಯಾಂಕಿನ ಕೌಂಟರಿನಿಂದ ಹಿಡಿದು ಬೀದಿಯ ಏಜೆಂಟರವರೆಗೆ ತಲುಪುತ್ತದೆ. ‘ಒಂದೇ ಸಲ ಕಟ್ಟಿ, ಸಾಯುವವರೆಗೆ ಪಿಂಚಣಿ ತಗೊಳ್ಳಿ’ ಎಂಬ ಮಾತು ಆಗ ಕಿವಿಗೆ ಬೀಳುತ್ತದೆ. ಅವರು ಹೇಳುತ್ತಿರುವುದು ಆ್ಯನ್ಯುಟಿಯ ಬಗ್ಗೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಹೆಚ್ಚಿನ ಆ್ಯನ್ಯುಟಿಗಳಲ್ಲಿ ಒಮ್ಮೆ ಕಟ್ಟಿದ ಹಣವನ್ನು ವಾಪಸ್ ಪಡೆಯುವುದು ಕಷ್ಟ, ಕೆಲವದರಲ್ಲಿ ಸಾಧ್ಯವೇ ಇಲ್ಲ. ಹಾಗಾಗಿ ಲೆಕ್ಕವೆಲ್ಲ ಸಹಿ ಹಾಕುವ ಮೊದಲೇ ಮುಗಿದಿರಬೇಕು.

ಆ್ಯನ್ಯುಟಿ ಮಾಡುವ ಕೆಲಸ

ನೀವು ಜೀವ ವಿಮಾ ಕಂಪನಿಗೆ ಒಂದು ಮೊತ್ತ ಕಟ್ಟುತ್ತೀರಿ. ಅದನ್ನು ಖರೀದಿ ಬೆಲೆ ಎನ್ನುತ್ತಾರೆ. ಕೊಂಡ ದಿನ ನಿಗದಿಯಾದ ದರದಲ್ಲಿ ನೀವು ಬದುಕಿರುವವರೆಗೂ ಕಂಪನಿ ಹಣ ಕೊಡುತ್ತಲೇ ಇರಬೇಕು. 2 ವರ್ಷ ಬದುಕಿದರೂ 40 ವರ್ಷ ಬದುಕಿದರೂ ದರ ಬದಲಾಗುವುದಿಲ್ಲ, ಮಾರುಕಟ್ಟೆಯ ಬಡ್ಡಿ ಇಳಿದರೂ ಅದಕ್ಕೆ ತಾಗುವುದಿಲ್ಲ. ಭಾರತದಲ್ಲಿ ಇದನ್ನು ಮಾರುವ ಅಧಿಕಾರ ಇರುವುದು ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ಪರವಾನಗಿ ಪಡೆದ ಜೀವ ವಿಮಾ ಕಂಪನಿಗಳಿಗೆ ಮಾತ್ರ. ಬ್ಯಾಂಕು ಮಾರಿದರೂ ಅದು ವಿಮಾ ಕಂಪನಿಯ ಪರವಾಗಿ ಮಾರುತ್ತಿರುತ್ತದೆ.

ಬೇಗ ತೀರಿಕೊಂಡವರ ಹಣದಲ್ಲಿ ಉಳಿದ ಪಾಲು ದೀರ್ಘಕಾಲ ಬದುಕಿದವರಿಗೆ ಸಲ್ಲುತ್ತದೆ. ಈ ಲೆಕ್ಕದ ಮೇಲೆಯೇ ಕಂಪನಿ ಜೀವನಪೂರ್ತಿ ಕೊಡುವ ಭರವಸೆ ಕೊಡುವುದು. ಆದ್ದರಿಂದ ಆ್ಯನ್ಯುಟಿಯನ್ನು ದುಡ್ಡು ಬೆಳೆಸುವ ಹೂಡಿಕೆಯೆಂದು ನೋಡಿದರೆ ನಿರಾಸೆಯೇ ಗತಿ. ಕೈಯಲ್ಲಿರುವ ದುಡ್ಡು ಮುಗಿದು ಆಯುಸ್ಸು ಉಳಿದರೆ ಏನು ಮಾಡುವುದು ಎಂಬ ಒಂದೇ ಭಯಕ್ಕೆ ಇದು ವಿಮೆ. ಎಷ್ಟು ಕೊಳ್ಳಬೇಕು ಎಂಬುದನ್ನೂ ಆ ಭಯದ ಅಳತೆಯಲ್ಲೇ ನಿರ್ಧರಿಸಬೇಕು.

ಹಂತ 1: ತಪ್ಪಿಸಲಾಗದ ಖರ್ಚು ಬರೆದಿಡಿ

ಮೈಸೂರಿನ ಕುವೆಂಪುನಗರದಲ್ಲಿ ಸ್ವಂತ ಮನೆಯಿರುವ ದಂಪತಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಯಜಮಾನರಿಗೆ 60, ಅವರ ಪತ್ನಿಗೆ 54. ಖಾಸಗಿ ಕಾರ್ಖಾನೆಯ ಕೆಲಸ ಮುಗಿದು ಕೈಯಲ್ಲಿ 45 ಲಕ್ಷ ಇದೆ. ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆಯಿಂದ (ಇಪಿಎಸ್) ತಿಂಗಳಿಗೆ 5,000. ಮೇಲಿನ ಮಹಡಿಯ ಬಾಡಿಗೆ 9,000.

ದಿನಸಿ, ಹಾಲು, ತರಕಾರಿಗೆ 10,000. ಗ್ಯಾಸ್, ಸೆಸ್ಕ್ ವಿದ್ಯುತ್ ಬಿಲ್, ನೀರು, ಫೋನಿಗೆ 3,500. ಔಷಧಿ ಮತ್ತು ಆರೋಗ್ಯ ವಿಮೆಯ ಕಂತನ್ನು ತಿಂಗಳಿಗೆ ಹಂಚಿದರೆ 6,500. ಮನೆ ಕಂದಾಯ, ಸಣ್ಣಪುಟ್ಟ ರಿಪೇರಿಗೆ 2,000. ಒಟ್ಟು 22,000. ಮದುವೆ ಮುಂಜಿಯ ಉಡುಗೊರೆ, ಪ್ರವಾಸ, ಮೊಮ್ಮಕ್ಕಳ ಖರ್ಚು ಇದರಲ್ಲಿ ಸೇರಿಲ್ಲ, ಸೇರಿಸಲೂ ಬಾರದು. ಕಷ್ಟದ ವರ್ಷದಲ್ಲಿ ಕಡಿಮೆ ಮಾಡಬಹುದಾದ ಖರ್ಚಿಗೆ ಆ್ಯನ್ಯುಟಿ ಬೇಕಿಲ್ಲ.

ಈ 22,000ದಲ್ಲಿ ಕನಿಷ್ಠ ಅರ್ಧದಷ್ಟು, ಅಂದರೆ 11,000, ಯಾರು ಏನೇ ಮಾಡಿದರೂ ನಿಲ್ಲದ ಆದಾಯದಿಂದ ಬರುವಂತಿರಲಿ ಎಂಬುದು ನಮ್ಮ ಸಲಹೆ. ಬಾಡಿಗೆಯನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಮನೆ ಖಾಲಿ ಬೀಳಬಹುದು. ಇಪಿಎಸ್ 5,000 ಕಳೆದರೆ 6,000 ಉಳಿಯುತ್ತದೆ. ವರ್ಷಕ್ಕೆ 72,000. ದರ ಶೇ 6.6 ಎಂದುಕೊಂಡರೆ ಸುಮಾರು 10.9 ಲಕ್ಷದ ಆ್ಯನ್ಯುಟಿ ಸಾಕು. 45 ಲಕ್ಷದಲ್ಲಿ 11 ಲಕ್ಷ, ಅಷ್ಟೇ. ಇಡೀ ಗಂಟನ್ನು ತಂದು ಸುರಿಯಿರಿ ಎನ್ನುವವರು ನಿಮ್ಮ ಮನೆಯ ಲೆಕ್ಕ ಹಾಕಿಲ್ಲ ಎಂದೇ ಅರ್ಥ.

ಇಲ್ಲಿಯೂ ಮುಂದೆಯೂ ಕೊಟ್ಟಿರುವ ಆ್ಯನ್ಯುಟಿ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಜವಾದ ದರ ಕಂಪನಿ, ವಯಸ್ಸು, ಮೊತ್ತ, ಕೊಳ್ಳುವ ದಿನ ಇವುಗಳ ಮೇಲೆ ನಿಲ್ಲುತ್ತದೆ. ಆ ದಿನದ ದರ ಪಡೆದು ಇದೇ ಲೆಕ್ಕವನ್ನು ಮತ್ತೆ ಮಾಡಿ.

ಹಂತ 2: ಮೊದಲು ಅಂಚೆ ಕಚೇರಿ

ಅಂಚೆ ಕಚೇರಿಯಲ್ಲಿ ಸಿಗುವ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2025-26ರಲ್ಲಿ ಬಡ್ಡಿ ಶೇ 8.2, ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. ಒಬ್ಬರಿಗೆ ಗರಿಷ್ಠ 30 ಲಕ್ಷ. 60 ತುಂಬಿರಬೇಕು. 55 ದಾಟಿ ನಿವೃತ್ತರಾದವರು ನಿವೃತ್ತಿ ಹಣ ಕೈಸೇರಿದ ಮೂರು ತಿಂಗಳೊಳಗೆ ತೆರೆಯಬಹುದು. ಮೇಲಿನ ದಂಪತಿ ಇದರಲ್ಲಿ 25 ಲಕ್ಷ ಇಟ್ಟರೆ ವರ್ಷಕ್ಕೆ 2,05,000, ಅಂದರೆ ತಿಂಗಳಿಗೆ 17,000ದ ಮೇಲೆ. ಉಳಿದ 9 ಲಕ್ಷ ಆಸ್ಪತ್ರೆ, ತುರ್ತಿಗೆಂದು ಬ್ಯಾಂಕ್ ಠೇವಣಿಯಲ್ಲಿರಲಿ. ಪ್ರತಿ ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ 5 ಲಕ್ಷದವರೆಗೆ ಮಾತ್ರ ವಿಮೆ ಇರುವುದರಿಂದ ಅದನ್ನು ಎರಡು ಬ್ಯಾಂಕಿಗೆ ಹಂಚಿ. ಬಡಾವಣೆಯ ಪತ್ತಿನ ಸಹಕಾರ ಸಂಘದಲ್ಲಿಟ್ಟ ಠೇವಣಿಗೆ ಆ ವಿಮೆಯೂ ಇಲ್ಲ.

ಹಾಗಾದರೆ ಶೇ 8.2 ಬಿಟ್ಟು ಶೇ 6.6ಕ್ಕೆ ಹೋಗುವುದೇಕೆ? ಹಿರಿಯ ನಾಗರಿಕರ ಯೋಜನೆ ಐದು ವರ್ಷದ್ದು. ಆಮೇಲೆ ಮೂರು ಮೂರು ವರ್ಷ ವಿಸ್ತರಿಸಬಹುದಾದರೂ ಅವತ್ತಿನ ದರಕ್ಕೆ ವಿಸ್ತರಿಸಬೇಕು. 75ನೇ ವಯಸ್ಸಿನಲ್ಲಿ ಬಡ್ಡಿ ಎಷ್ಟಿರುತ್ತದೆಂದು ಯಾರೂ ಹೇಳಲಾರರು. ಆ್ಯನ್ಯುಟಿಯಲ್ಲಿ ಅದು ಇವತ್ತೇ ಬರೆದಿಟ್ಟಾಗಿರುತ್ತದೆ. ವ್ಯತ್ಯಾಸದ ಶೇ 1.6 ಆ ಭರವಸೆಯ ಬೆಲೆ.

ವಯಸ್ಸು ಹೆಚ್ಚಿದಷ್ಟೂ ದರ ಹೆಚ್ಚು, ಅದರಲ್ಲೂ ಕಟ್ಟಿದ ಅಸಲು ವಾರಸುದಾರರಿಗೆ ಮರಳದ ಆಯ್ಕೆಗಳಲ್ಲಿ. ಹಾಗಾಗಿ 60ಕ್ಕೇ ಪೂರ್ತಿ ಕೊಳ್ಳಬೇಕೆಂದೇನೂ ಇಲ್ಲ. ಈಗ 5 ಲಕ್ಷ, ಹಿರಿಯ ನಾಗರಿಕರ ಯೋಜನೆಯ ಐದು ವರ್ಷ ಮುಗಿದಾಗ ಇನ್ನೊಂದಿಷ್ಟು, 70ರಲ್ಲಿ ಮತ್ತೊಂದಿಷ್ಟು ಎಂದು ಹಂತ ಹಂತವಾಗಿ ಕೊಂಡರೆ ಒಂದೇ ದಿನದ ದರಕ್ಕೆ ಕಟ್ಟುಬೀಳುವುದು ತಪ್ಪುತ್ತದೆ.

ಹಂತ 3: ಆಯ್ಕೆ, ಇಲ್ಲಿ ನಿಧಾನಿಸಿ

ಎಲ್‌ಐಸಿಯ ಜೀವನ್ ಅಕ್ಷಯ್-7ರಲ್ಲಿ ಹತ್ತು ಆಯ್ಕೆಗಳಿವೆ. ಖಾಸಗಿ ಕಂಪನಿಗಳಲ್ಲೂ ಹೆಸರು ಬೇರೆ, ತಿರುಳು ಅದೇ. ಹತ್ತನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕು. ನಿಮ್ಮ ನಂತರ ಪಿಂಚಣಿ ಇನ್ನೊಬ್ಬರಿಗೆ ಮುಂದುವರಿಯಬೇಕೇ? ಕೊನೆಗೆ ಅಸಲು ವಾರಸುದಾರರಿಗೆ ಮರಳಬೇಕೇ?

ಎರಡನೆಯದನ್ನು ಮೊದಲು ನೋಡೋಣ. 10 ಲಕ್ಷಕ್ಕೆ ಅಸಲು ಮರಳದ ಆಯ್ಕೆಯಲ್ಲಿ ವರ್ಷಕ್ಕೆ 84,000, ಮರಳುವ ಆಯ್ಕೆಯಲ್ಲಿ 66,000 ಎಂದುಕೊಳ್ಳಿ. ಅಸಲು ಮರಳದ ಕಡೆ ನೀವು ಕಟ್ಟಿದ ದುಡ್ಡು ನಿಮಗೇ ಬಂದು ಮುಗಿಯಲು ಸುಮಾರು 12 ವರ್ಷ ಬೇಕು. 60ಕ್ಕೆ ಕೊಂಡು 75ರವರೆಗೆ ಬದುಕಿದರೆ ನಿಮಗೆ ಸಿಕ್ಕ ನಿಜವಾದ ಗಳಿಕೆ ವರ್ಷಕ್ಕೆ ಸುಮಾರು ಶೇ 3. 80ರವರೆಗಾದರೆ ಶೇ 5.5. 85ಕ್ಕೆ ಶೇ 6.75, 90ಕ್ಕೆ ಶೇ 7.4. ಈ ಪಾಲಿಸಿ ದೀರ್ಘಾಯುಷಿಗಳಿಗೆ ಲಾಭ ಎನ್ನುವುದು ಇದಕ್ಕೇ. ಅಸಲು ಮರಳುವ ಕಡೆ, ಯಾವಾಗ ಹೋದರೂ ಗಳಿಕೆ ಶೇ 6.6ರ ಆಸುಪಾಸಿನಲ್ಲೇ.

ಈಗ ವ್ಯತ್ಯಾಸದ 18,000ವನ್ನು ನೋಡಿ. ಅಸಲು ಮರಳದ ಆಯ್ಕೆ ತೆಗೆದುಕೊಂಡು ಆ ಹೆಚ್ಚಿನ 18,000ವನ್ನು ಪ್ರತಿ ವರ್ಷ ಶೇ 6.6ರಲ್ಲಿ ಕೂಡಿಡುತ್ತಾ ಹೋದರೆ 20 ವರ್ಷಕ್ಕೆ ಸುಮಾರು 7 ಲಕ್ಷ, 24 ವರ್ಷಕ್ಕೆ 10 ಲಕ್ಷ ಆಗುತ್ತದೆ. 84 ದಾಟಿ ಬದುಕಿದರೆ ಮಾತ್ರ ಮಕ್ಕಳಿಗೆ ಇದೇ ಲಾಭ, ಅದಕ್ಕಿಂತ ಮೊದಲೇ ಹೋದರೆ ಅಸಲು ಮರಳುವ ಆಯ್ಕೆಯೇ ಲಾಭ. ಅದೂ 18,000ವನ್ನು ಖರ್ಚು ಮಾಡದೆ ಕೂಡಿಟ್ಟರೆ.

ನಮ್ಮ ಅಭಿಪ್ರಾಯ ಹೀಗಿದೆ. ಮಕ್ಕಳು ಸ್ವಂತ ಕಾಲ ಮೇಲೆ ನಿಂತಿದ್ದು, ತಿಂಗಳ ಹಣವೇ ಸಾಲದಾಗಿದ್ದು, ಮನೆತನದಲ್ಲಿ ಎಂಬತ್ತೈದು ತೊಂಬತ್ತರವರೆಗೆ ಬಾಳಿದವರಿದ್ದರೆ ಅಸಲು ಮರಳದ್ದನ್ನು ಧೈರ್ಯವಾಗಿ ನೋಡಬಹುದು. ಹೃದಯ, ಮೂತ್ರಪಿಂಡ, ಕ್ಯಾನ್ಸರಿನಂಥ ಕಾಯಿಲೆಯಿದ್ದರೆ ಅದರ ಹತ್ತಿರವೂ ಹೋಗಬೇಡಿ. ಆ್ಯನ್ಯುಟಿಗೆ ವೈದ್ಯಕೀಯ ತಪಾಸಣೆ ಇರುವುದಿಲ್ಲ. ‘ಟೆಸ್ಟ್ ಏನೂ ಬೇಡ ಸಾರ್’ ಎಂಬುದನ್ನು ಅನುಕೂಲವೆಂದು ಹೇಳುತ್ತಾರೆ. ಆದರೆ ಆರೋಗ್ಯ ಕೆಟ್ಟವರಿಗೂ ಗಟ್ಟಿಮುಟ್ಟಾದವರಿಗೂ ಒಂದೇ ದರ, ಆದ್ದರಿಂದ ನಷ್ಟ ಆರೋಗ್ಯ ಕೆಟ್ಟವರದೇ. ಇವೆರಡರ ನಡುವಿನ ದಾರಿಯೂ ಇದೆ: 5, 10, 15 ಅಥವಾ 20 ವರ್ಷ ಖಚಿತವಾಗಿ ಕೊಟ್ಟು, ಆಮೇಲೆ ಬದುಕಿರುವವರೆಗೆ ಕೊಡುವ ಆಯ್ಕೆ. 3ನೇ ವರ್ಷವೇ ತೀರಿಕೊಂಡರೂ ಖಚಿತ ಅವಧಿಯ ಉಳಿದ ಕಂತು ನಾಮಿನಿಗೆ ಸಲ್ಲುತ್ತದೆ.

ಇನ್ನು ಸಂಗಾತಿಯ ಪ್ರಶ್ನೆ. ನಮ್ಮ ಕಡೆ ಗಂಡ ಹೆಂಡಿರ ನಡುವೆ ಐದಾರು ವರ್ಷ ಅಂತರ ಸಾಮಾನ್ಯ, ಹೆಂಗಸರ ಆಯುಸ್ಸೂ ಸರಾಸರಿಯಲ್ಲಿ ಹೆಚ್ಚು. ಅಂದರೆ ಯಜಮಾನರ ನಂತರ ಹತ್ತು ವರ್ಷ ಆಕೆ ಒಬ್ಬರೇ ಮನೆ ನಡೆಸಬೇಕಾಗಿ ಬರಬಹುದು. ಒಬ್ಬರ ಜೀವನಕ್ಕೆ ಮಾತ್ರ ಮಾಡಿಸಿದ ಪಾಲಿಸಿಯಲ್ಲಿ ಪಿಂಚಣಿ ಅವತ್ತೇ ನಿಲ್ಲುತ್ತದೆ. ಇಲ್ಲಿ ಬಹಳ ಮನೆಗಳಲ್ಲಿ ಆಗುವ ತಪ್ಪೊಂದಿದೆ. ಪತ್ನಿಯ ಹೆಸರು ನಾಮಿನಿ ಕಾಲಂನಲ್ಲಿದ್ದರೆ ಪಿಂಚಣಿ ಆಕೆಗೆ ಮುಂದುವರಿಯುತ್ತದೆ ಎಂದು ನಂಬಿರುತ್ತಾರೆ. ಮುಂದುವರಿಯುವುದಿಲ್ಲ. ನಾಮಿನಿಗೆ ಸಿಗುವುದು ಮರಳುವ ಅಸಲು ಅಥವಾ ಖಚಿತ ಅವಧಿಯ ಉಳಿದ ಕಂತು ಇದ್ದರೆ ಅದು ಮಾತ್ರ. ಪಿಂಚಣಿ ಮುಂದುವರಿಯಬೇಕಾದರೆ ಜಂಟಿ ಜೀವನದ ಆಯ್ಕೆ ಹಿಡಿದು ಆಕೆಯ ಹೆಸರನ್ನು ಎರಡನೇ ಪಿಂಚಣಿದಾರರ ಜಾಗದಲ್ಲಿ ಬರೆಸಬೇಕು, ಆಕೆಯ ವಯಸ್ಸಿನ ದಾಖಲೆಯನ್ನೂ ಕೊಡಬೇಕು.

ಜಂಟಿಯಲ್ಲಿ ಎರಡನೆಯವರಿಗೆ ಅರ್ಧ ಅಥವಾ ಪೂರ್ತಿ ಸಿಗುವ ಬಗೆಗಳಿವೆ. ಅಸಲು ಮರಳುವ ಆಯ್ಕೆಯಲ್ಲಿ ಒಬ್ಬರ ದರಕ್ಕೂ ಜಂಟಿ ದರಕ್ಕೂ ವ್ಯತ್ಯಾಸ ಬಹಳ ಕಡಿಮೆ. ಅಸಲನ್ನು ಎಂದಿದ್ದರೂ ಹಿಂತಿರುಗಿಸಲೇಬೇಕಾದ್ದರಿಂದ ಕಂಪನಿ ಕೊಡುತ್ತಿರುವುದು ಹೆಚ್ಚೂಕಡಿಮೆ ಬಡ್ಡಿಯನ್ನಷ್ಟೇ, ಅದನ್ನು ಪಡೆಯುವವರು ಒಬ್ಬರಾದರೇನು ಇಬ್ಬರಾದರೇನು. ಆದ್ದರಿಂದ ಸ್ವಂತ ಪಿಂಚಣಿಯಿಲ್ಲದ ಸಂಗಾತಿ ಇದ್ದವರು, ಅಸಲು ಮರಳುವುದನ್ನು ಆರಿಸುವುದಾದರೆ, ಜಂಟಿಯನ್ನು ಬಿಟ್ಟು ಬೇರೆ ನೋಡಲು ನಮಗೆ ಕಾರಣ ಕಾಣುವುದಿಲ್ಲ. ಎಲ್‌ಐಸಿಯಲ್ಲಿ ಸಂಗಾತಿಯಷ್ಟೇ ಅಲ್ಲ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರ ಜೊತೆಗೂ ಜಂಟಿ ಮಾಡಿಸಬಹುದು. ದುಡಿಯಲಾಗದ ತಮ್ಮನೋ ತಂಗಿಯೋ ಇರುವ ಮನೆಗೆ ಇದು ದೊಡ್ಡ ಅನುಕೂಲ.

ಆಯ್ಕೆಗಳ ಗೋಜೇ ಬೇಡ ಎನ್ನುವವರಿಗೆ ಸರಳ ಪೆನ್ಷನ್ ಇದೆ. ಐಆರ್‌ಡಿಎಐ ನಿಯಮದಂತೆ 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ಇದರ ಷರತ್ತುಗಳು ಎಲ್ಲ ಕಂಪನಿಗಳಲ್ಲೂ ಒಂದೇ. ಒಬ್ಬರದ್ದು ಅಥವಾ ದಂಪತಿಯದ್ದು, ಎರಡರಲ್ಲೂ ಅಸಲು ಪೂರ್ತಿ ಮರಳುತ್ತದೆ. ಆರು ತಿಂಗಳ ನಂತರ ಸಾಲ ಸಿಗುತ್ತದೆ. ಪಟ್ಟಿಯಲ್ಲಿರುವ ಗಂಭೀರ ಕಾಯಿಲೆ ಬಂದರೆ ಪಾಲಿಸಿ ಒಪ್ಪಿಸಿ ಖರೀದಿ ಬೆಲೆಯ ಶೇ 95ರಷ್ಟು ಪಡೆಯಬಹುದು. ಷರತ್ತು ಒಂದೇ ಆಗಿರುವುದರಿಂದ ಹೋಲಿಸಬೇಕಾದ್ದು ದರವೊಂದನ್ನೇ.

ಬೆಲೆಯೇರಿಕೆಯ ಲೆಕ್ಕ

10 ಲಕ್ಷಕ್ಕೆ ತಿಂಗಳಿಗೆ 5,500 ಬರುತ್ತದೆ ಎಂದಿಟ್ಟುಕೊಳ್ಳಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ 12 ವರ್ಷದಲ್ಲಿ ಆ 5,500ಕ್ಕೆ ಈಗಿನ ಸುಮಾರು 2,730 ರೂಪಾಯಿಯ ಸಾಮಾನು ಬರುತ್ತದೆ. ಆ್ಯನ್ಯುಟಿಯ ಅತಿ ದೊಡ್ಡ ದೋಷ ಇದೇ.

ಇದಕ್ಕೆ ಮದ್ದೆಂದು ವರ್ಷಕ್ಕೆ ಶೇ 3ರಷ್ಟು ಏರುವ ಆಯ್ಕೆ ತೋರಿಸುತ್ತಾರೆ. ಅದು ಸರಳ ಏರಿಕೆ, ಚಕ್ರಬಡ್ಡಿಯಂತೆ ಅಲ್ಲ. 84,000ದ ಬದಲು 68,000ದಿಂದ ಶುರುವಾಗಿ ವರ್ಷಕ್ಕೆ 2,040 ಏರಿದರೆ, ಸ್ಥಿರ ಪಿಂಚಣಿಯನ್ನು ಮುಟ್ಟುವುದು 9ನೇ ವರ್ಷದಲ್ಲಿ. ಅಲ್ಲಿಯವರೆಗೆ ಕಡಿಮೆ ಪಡೆದದ್ದೆಲ್ಲ ಸರಿದೂಗುವುದು 17ನೇ ವರ್ಷದಲ್ಲಿ, 60ಕ್ಕೆ ಕೊಂಡವರಿಗೆ 77 ಆಗುವ ಹೊತ್ತಿಗೆ. ಇದರ ಬದಲು ಮೇಲೆ ಹೇಳಿದಂತೆ ಹಂತಹಂತವಾಗಿ ಕೊಳ್ಳುವುದು, ಮೊದಲ ವರ್ಷಗಳಲ್ಲಿ ಉಳಿಯುವ ಬಾಡಿಗೆ, ಬಡ್ಡಿಯನ್ನು ಖರ್ಚು ಮಾಡದೆ ಬೆಳೆಯಲು ಬಿಡುವುದು ಹೆಚ್ಚು ಕೆಲಸ ಮಾಡುತ್ತದೆ.

ಮುಂದೂಡಿದ ಆ್ಯನ್ಯುಟಿ: ‘ಶೇ 12’ ಎಂಬ ಮಾತು

ಇವತ್ತು ಕಟ್ಟಿ 5 ಅಥವಾ 10 ವರ್ಷದ ನಂತರ ಪಿಂಚಣಿ ಶುರು ಮಾಡುವ ಪಾಲಿಸಿಗಳಿವೆ. ಎಲ್‌ಐಸಿಯ ನ್ಯೂ ಜೀವನ್ ಶಾಂತಿಯಲ್ಲಿ 1ರಿಂದ 12 ವರ್ಷ ಮುಂದೂಡಬಹುದು. ‘10 ಲಕ್ಷ ಹಾಕಿ, ಹತ್ತು ವರ್ಷ ಆದ್ಮೇಲೆ ವರ್ಷಕ್ಕೆ 1.2 ಲಕ್ಷ, ಶೇ 12’ ಎಂದು ಹೇಳಿದರೆ ಲೆಕ್ಕ ಹೀಗೆ ಹಾಕಿ: ಅದೇ 10 ಲಕ್ಷ ಶೇ 7ರ ಠೇವಣಿಯಲ್ಲಿದ್ದರೆ ಹತ್ತು ವರ್ಷಕ್ಕೆ 19.67 ಲಕ್ಷ ಆಗಿರುತ್ತಿತ್ತು. 1.2 ಲಕ್ಷ ಎಂದರೆ ಆ ಮೊತ್ತದ ಮೇಲೆ ಶೇ 6.1 ಮಾತ್ರ. ನಿವೃತ್ತಿಗೆ ಕೆಲವು ವರ್ಷ ಬಾಕಿಯಿದ್ದು ಬಡ್ಡಿ ಇಳಿಯುತ್ತದೆಂಬ ಆತಂಕ ಇರುವವರಿಗೆ ಇದು ಸರಿಹೋಗಬಹುದು. ಶೇ 12ರ ಆಸೆಗೆ ಕೊಳ್ಳುವಂಥದ್ದಲ್ಲ.

ಎನ್‌ಪಿಎಸ್‌ನಲ್ಲಿರುವವರು

2006ರ ಏಪ್ರಿಲ್ 1ರಿಂದ ಈಚೆಗೆ ಸೇರಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಒಳಪಟ್ಟ ರಾಜ್ಯ ಸರ್ಕಾರಿ ನೌಕರರು 60ಕ್ಕೆ ಹೊರಬರುವಾಗ ಕೂಡಿದ ಮೊತ್ತದ ಕನಿಷ್ಠ ಶೇ 40ಕ್ಕೆ ಆ್ಯನ್ಯುಟಿ ಕೊಳ್ಳಲೇಬೇಕು. ಖಾಸಗಿಯವರಿಗೆ 2025ರ ಡಿಸೆಂಬರ್ ತಿದ್ದುಪಡಿಯಲ್ಲಿ ಇದನ್ನು ಶೇ 20ಕ್ಕೆ ಇಳಿಸಲಾಗಿದೆ. ಯಾವ ಕಂಪನಿ, ಯಾವ ಆಯ್ಕೆ ಎಂಬುದನ್ನು ಆರಿಸುವವರು ನೀವೇ. ಕಚೇರಿಯಲ್ಲಿ ಯಾರೋ ತುಂಬಿಕೊಟ್ಟ ಫಾರಂಗೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಎನ್‌ಪಿಎಸ್ ಖಾತೆಗಳ ದಾಖಲೆ ಇಡುವ ಸಂಸ್ಥೆಯ (ಸಿಆರ್‌ಎ) ಜಾಲತಾಣದಲ್ಲಿ ಹಲವು ಕಂಪನಿಗಳ ದರವನ್ನು ಒಟ್ಟಿಗೇ ನೋಡಬಹುದು.

ಹಂತ 4: ದರ ಕೇಳಿ, ಅರ್ಜಿ ತುಂಬಿ

ಕನಿಷ್ಠ ಮೂರು ಕಂಪನಿಗಳಿಂದ, ಒಂದೇ ವಾರದಲ್ಲಿ, ಒಂದೇ ಮೊತ್ತ ಮತ್ತು ಒಂದೇ ಆಯ್ಕೆಗೆ ಲಿಖಿತ ದರಪಟ್ಟಿ ಪಡೆಯಿರಿ. ಒಂದರ ಅಸಲು ಮರಳುವ ದರವನ್ನು ಇನ್ನೊಂದರ ಮರಳದ ದರದ ಪಕ್ಕದಲ್ಲಿಟ್ಟು ‘ಇದೇ ಜಾಸ್ತಿ’ ಎಂದು ತೋರಿಸುವುದುಂಟು. ಹುಟ್ಟುಹಬ್ಬ ಕೆಲವೇ ವಾರ ದೂರವಿದ್ದರೆ ಎರಡೂ ವಯಸ್ಸಿನ ದರ ಕೇಳಿ. ದೊಡ್ಡ ಮೊತ್ತಕ್ಕೆ ದರ ಸ್ವಲ್ಪ ಮೇಲಿರುತ್ತದೆ. ಜೀವನ್ ಅಕ್ಷಯ್-7ರಲ್ಲಿ 5, 10 ಮತ್ತು 25 ಲಕ್ಷ ಇದರ ಮೆಟ್ಟಿಲುಗಳು. 4.8 ಲಕ್ಷ ಕಟ್ಟುವ ಯೋಚನೆಯಿದ್ದರೆ 5 ಲಕ್ಷಕ್ಕೂ ಕೇಳಿ ನೋಡಿ.

ಕಂತು ತಿಂಗಳಿಗೋ ವರ್ಷಕ್ಕೋ ಎಂಬುದು ಮುಂದಿನ ನಿರ್ಧಾರ. ವಾರ್ಷಿಕ ಕಂತಿನಲ್ಲಿ ಒಟ್ಟು ಮೊತ್ತ ಸ್ವಲ್ಪ ಹೆಚ್ಚು, ಆದರೆ ಮೊದಲ ಹಣ ಬರುವುದು ಕೊಂಡು ಒಂದು ವರ್ಷವಾದ ಮೇಲೆ. ಕಬ್ಬು ಬೆಳೆಯುವ ಮನೆಗೆ ನಾವು ತಿಂಗಳ ಕಂತನ್ನೇ ಹೇಳುತ್ತೇವೆ. ಕಬ್ಬಿನ ಹಣವನ್ನು 14 ದಿನದೊಳಗೆ ಕೊಡಬೇಕೆಂಬ ನಿಯಮವಿದ್ದರೂ ಅದು ಬರುವುದು ವರ್ಷಕ್ಕೊಮ್ಮೆ, ಅದೂ ತಡವಾಗುವುದುಂಟು. ಅಡುಗೆಮನೆ ಅಲ್ಲಿಯವರೆಗೆ ಕಾಯುವುದಿಲ್ಲ.

ಪ್ಯಾನ್, ಆಧಾರ್, ವಯಸ್ಸಿನ ದಾಖಲೆ, ಫೋಟೊ, ಹೆಸರು ಮುದ್ರಿತ ರದ್ದಾದ ಚೆಕ್ಕು ಬೇಕು. ಜಂಟಿಯಾದರೆ ಇಬ್ಬರದ್ದೂ. ಅರ್ಜಿ ನಿಲ್ಲುವುದು ಹೆಚ್ಚಾಗಿ ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಊರು ಮತ್ತು ತಂದೆಯ ಇನಿಷಿಯಲ್, ಪ್ಯಾನ್‌ನಲ್ಲಿ ಅದರ ಬಿಡಿಸಿದ ರೂಪ, ಆಧಾರ್‌ನಲ್ಲಿ ಬರೀ ಹೆಸರು, ಪಾಸ್‌ಬುಕ್‌ನಲ್ಲಿ ಮತ್ತೊಂದು ಎಂದಿದ್ದರೆ ಮೊದಲು ಅವನ್ನು ಒಂದು ಮಾಡಿಸಿ. ಹುಟ್ಟಿದ ದಿನಾಂಕ ಒಂದೊಂದು ಕಡೆ ಒಂದೊಂದು ಇದ್ದರೂ ಅಷ್ಟೇ. ದರ ನಿಂತಿರುವುದೇ ವಯಸ್ಸಿನ ಮೇಲೆ.

ಹಣವನ್ನು ಕಂಪನಿಯ ಹೆಸರಿಗೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. ಏಜೆಂಟರ ಖಾತೆಗೆ ಒಂದು ರೂಪಾಯಿಯೂ ಹೋಗಬಾರದು. ವೈಯಕ್ತಿಕ ಜೀವ ವಿಮಾ ಪಾಲಿಸಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಆ್ಯನ್ಯುಟಿಗೆ ಮೊದಲಿದ್ದ ಶೇ 1.8ನ್ನು ಹಳೆಯ ಪಟ್ಟಿ ಹಿಡಿದು ಯಾರಾದರೂ ಸೇರಿಸಿದರೆ ಪ್ರಶ್ನಿಸಿ.

ತೆರಿಗೆ

ಬರುವ ಪಿಂಚಣಿ ಪೂರ್ತಿ ನಿಮ್ಮ ಆದಾಯಕ್ಕೆ ಸೇರುತ್ತದೆ. ನೀವೇ ಕೊಂಡ ಆ್ಯನ್ಯುಟಿಯಾದರೆ ಇತರ ಮೂಲಗಳ ಆದಾಯ ಎಂದು ತೋರಿಸಬೇಕು. ಕಬ್ಬಿನ ದುಡ್ಡಿನಿಂದ ಕೊಂಡರೂ ಅದು ಕೃಷಿ ಆದಾಯವಾಗುವುದಿಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಬೀಳದ ಕಾರಣ ಮೇಲಿನ ದಂಪತಿಯಂಥವರಿಗೆ ಇದು ಹೊರೆಯಾಗದು.

ಹಂತ 5: ಬಾಂಡ್ ಬಂದ ದಿನವೇ ಓದಿ

ಪಾಲಿಸಿ ಬಾಂಡಿನ ಷೆಡ್ಯೂಲ್ ಪುಟದಲ್ಲಿ ಆರು ಸಂಗತಿ ನೋಡಬೇಕು: ಆಯ್ಕೆಯ ಹೆಸರು, ಖರೀದಿ ಬೆಲೆ, ಕಂತಿನ ಮೊತ್ತ, ಮೊದಲ ಕಂತಿನ ದಿನಾಂಕ, ಎರಡನೇ ಪಿಂಚಣಿದಾರರ ಹೆಸರು ಮತ್ತು ಜನ್ಮದಿನಾಂಕ, ನಾಮಿನಿ. ಪ್ರೀಮಿಯಂ ಪಾವತಿ ಎಂಬಲ್ಲಿ ಏಕ ಕಂತು ಎಂದೇ ಇರಬೇಕು. ಅಲ್ಲಿ 5 ಅಥವಾ 10 ವರ್ಷ ಎಂದಿದ್ದರೆ ಪಿಂಚಣಿಯ ಹೆಸರಲ್ಲಿ ವರ್ಷವರ್ಷ ಕಟ್ಟುವ ಬೇರೆ ಪಾಲಿಸಿಯನ್ನು ನಿಮಗೆ ದಾಟಿಸಲಾಗಿದೆ. ಠೇವಣಿ ನವೀಕರಿಸಲು ಹೋದ ಹಿರಿಯರಿಗೆ ಹೀಗಾಗುವುದು ಹೊಸದೇನಲ್ಲ.

ತಪ್ಪಿದ್ದರೆ, ಅಥವಾ ಮನಸ್ಸು ಬದಲಾದರೂ ಸರಿ, ಬಾಂಡ್ ಕೈಸೇರಿದ 30 ದಿನದೊಳಗೆ ಹಿಂತಿರುಗಿಸಬಹುದು. ಸ್ಟ್ಯಾಂಪ್ ವೆಚ್ಚ ಮತ್ತು ಅಷ್ಟರೊಳಗೆ ಪಿಂಚಣಿ ಬಂದಿದ್ದರೆ ಅದನ್ನು ಕಳೆದು ಉಳಿದದ್ದು ಮರಳುತ್ತದೆ. ಆ ಅವಧಿ ಮುಗಿದ ಮೇಲೆ ಆಯ್ಕೆ ಬದಲಿಸಲು ಬರುವುದಿಲ್ಲ. ಪಾಲಿಸಿ ಒಪ್ಪಿಸುವುದು, ಸಾಲ ಪಡೆಯುವುದು ಸಾಮಾನ್ಯವಾಗಿ ಅಸಲು ಮರಳುವ ಆಯ್ಕೆಗಳಲ್ಲಿ ಮಾತ್ರ ಸಾಧ್ಯ.

ಕೊಂಡ ನಂತರ

ಪಿಂಚಣಿ ಇದ್ದಕ್ಕಿದ್ದಂತೆ ನಿಂತರೆ ಬಹುತೇಕ ಕಾರಣ ಎರಡೇ: ಜೀವಂತ ಪ್ರಮಾಣಪತ್ರ ಹೋಗಿಲ್ಲ, ಅಥವಾ ಬ್ಯಾಂಕ್ ಖಾತೆ ಬದಲಾಗಿದೆ. ಎಲ್‌ಐಸಿಯವರಿಗೆ ಜೀವನ್ ಸಾಕ್ಷ್ಯ ಆ್ಯಪ್‌ನಲ್ಲಿ ಆಧಾರ್ ಮತ್ತು ಮುಖದ ಫೋಟೊ ಮೂಲಕ ಮನೆಯಿಂದಲೇ ಮಾಡಬಹುದು. ಆಗದವರು ಪಾಲಿಸಿಗೆ ಸಂಬಂಧಿಸಿದ ಶಾಖೆಗೆ ಹೋಗಬೇಕು. ಬ್ಯಾಂಕುಗಳ ವಿಲೀನದಿಂದ ಐಎಫ್‌ಎಸ್‌ಸಿ ಬದಲಾದಾಗ ಹೊಸ ಚೆಕ್ಕಿನ ಹಾಳೆಯೊಡನೆ ತಿಳಿಸಿ.

ಬಾಂಡಿನ ಜಾಗ, ಪಾಲಿಸಿ ಸಂಖ್ಯೆ, ಶಾಖೆಯ ವಿಳಾಸ ಸಂಗಾತಿಗೂ ಒಬ್ಬ ಮಗನಿಗೋ ಮಗಳಿಗೋ ಗೊತ್ತಿರಲಿ. ಪಿಂಚಣಿದಾರರು ತೀರಿಕೊಂಡಾಗ ಕಂಪನಿಗೆ ಕೂಡಲೇ ತಿಳಿಸಬೇಕು. ತಿಳಿಸದೆ ಖಾತೆಗೆ ಬಂದ ಕಂತುಗಳನ್ನು ಆಮೇಲೆ ವಸೂಲಿ ಮಾಡುತ್ತಾರೆ. ಎರಡನೇ ಪಿಂಚಣಿದಾರರು ಮರಣ ಪ್ರಮಾಣಪತ್ರ, ತಮ್ಮ ಗುರುತಿನ ದಾಖಲೆ, ತಮ್ಮ ಹೆಸರಿನ ಖಾತೆಯ ವಿವರ ಕೊಡಬೇಕು. ಆಕೆಗೆ ಸ್ವಂತ ಖಾತೆ ಇಲ್ಲದಿದ್ದರೆ ಇವತ್ತೇ ತೆರೆಸಿ.

ದೂರಿದ್ದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ಪರಿಹಾರದ ಪ್ರಕರಣಗಳನ್ನು ಅಲ್ಲಿ ವಿಚಾರಣೆ ಮಾಡುತ್ತಾರೆ. ದರಪಟ್ಟಿ, ಅರ್ಜಿಯ ನಕಲು, ಏಜೆಂಟರು ಬರೆದುಕೊಟ್ಟ ಚೀಟಿ, ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ ಅಲ್ಲಿ ಪುರಾವೆಯಾಗುತ್ತವೆ. ಆದ್ದರಿಂದ ಬಾಂಡಿನ ಜೊತೆ ಅವನ್ನೂ ಒಂದೇ ಫೈಲಿನಲ್ಲಿಡಿ.